ಕರಾರನ್ನು ಕೊನೆಯಿಂದ ಓದು

ನೋಡಮ್ಮ, ಮಾಡಿದರೆ ಇಂಟರ್‌ನ್ಯಾಷನಲ್ ಆರ್ಬಿಟ್ರೇಷನ್ನೇ ಮಾಡಬೇಕು ಅಂತ ಹಟ ಹಿಡಿದು ಈ ಚೇಂಬರಿಗೆ ಬಂದಿದ್ದೀಯ. ಬೇಡ ಅನ್ನುವುದಿಲ್ಲ. ಸಿಂಗಪುರ, ಲಂಡನ್, ಹೇಗ್ ಅಂದ ಕೂಡಲೇ ನಿನ್ನ ಮುಖ ಅರಳುವುದನ್ನೂ ಕಂಡಿದ್ದೇನೆ. ಆದರೆ ಈ ಕೆಲಸದ ಬೇರು ಆ ಊರುಗಳಲ್ಲಿಲ್ಲ. ಪೀಣ್ಯದ ಯಾವುದೋ ಕಾರ್ಖಾನೆಯವರು ಜರ್ಮನಿಯವರ ಜೊತೆ ಮಾಡಿಕೊಂಡ ಕರಾರಿನ ಕಟ್ಟಕಡೆಯ ಪುಟದಲ್ಲಿದೆ. ರೇಟು, ಕ್ವಾಲಿಟಿ, ಡೆಲಿವರಿ ತಾರೀಕು ಎಲ್ಲಕ್ಕೂ ತಿಂಗಳುಗಟ್ಟಲೆ ಚೌಕಾಸಿ ಮಾಡಿರುತ್ತಾರೆ. ಜಗಳ ಬಂದರೆ ಏನು ಗತಿ ಅನ್ನುವ ಕಲಮನ್ನು ಮಾತ್ರ ಸಹಿ ಹಾಕುವ ಹಿಂದಿನ ರಾತ್ರಿ ಯಾವುದೋ ಹಳೆಯ ಫೈಲಿನಿಂದ ಎತ್ತಿ ಅಂಟಿಸಿರುತ್ತಾರೆ. ನಿಶ್ಚಿತಾರ್ಥದ ದಿನ ಡೈವೋರ್ಸಿನ ಮಾತು ಯಾರು ಎತ್ತುತ್ತಾರೆ ಹೇಳು? ವಕೀಲರ ನಡುವೆ ಅದಕ್ಕೆ 'ಮಿಡ್‌ನೈಟ್ ಕ್ಲಾಜ್' ಅಂತಲೇ ಹೆಸರು ಬಿದ್ದಿದೆ.

ಹಾಗೆ ಅಂಟಿಸಿದ ಕಲಮು ಹೇಗಿರುತ್ತದೆ ಗೊತ್ತೆ? ಒಂದು ಸಾಲಿನಲ್ಲಿ 'ವ್ಯಾಜ್ಯಗಳೇನಿದ್ದರೂ ಸಿಂಗಪುರದಲ್ಲಿ ಆರ್ಬಿಟ್ರೇಷನ್ ಮೂಲಕ ಬಗೆಹರಿಯತಕ್ಕದ್ದು' ಅಂತ ಇರುತ್ತದೆ. ಅದರ ಕೆಳಗೇ 'ಬೆಂಗಳೂರಿನ ನ್ಯಾಯಾಲಯಗಳಿಗೆ ಮಾತ್ರ ಅಧಿಕಾರವಿರತಕ್ಕದ್ದು'. ಎರಡನ್ನೂ ಟೈಪ್ ಮಾಡಿದವರು ಒಬ್ಬರೇ, ಎರಡಕ್ಕೂ ಇಬ್ಬರೂ ಸಹಿ ಹಾಕಿದ್ದಾರೆ. ಜಗಳ ಎದ್ದ ಮೇಲೆ ಒಬ್ಬ ಮೇಲಿನ ಸಾಲು ಹಿಡಿಯುತ್ತಾನೆ, ಇನ್ನೊಬ್ಬ ಕೆಳಗಿನದು. ಬಾಕಿ ಹಣದ ಮಾತು ಬದಿಗೆ ಸರಿದು, ಯಾವ ಊರಿನಲ್ಲಿ ಜಗಳವಾಡಬೇಕು ಅನ್ನುವುದೇ ದೊಡ್ಡ ಜಗಳವಾಗಿ ಕೂರುತ್ತದೆ. ಮಂಕಸ್ತು ಇಂಪೆಕ್ಸ್ ಮೊಕದ್ದಮೆಯ ತೀರ್ಪನ್ನು ತೆಗೆದು ಓದು, 2020ರ ಮಾರ್ಚಿನದು. ಕರಾರಿಗೆ ಭಾರತದ ಕಾನೂನು, ದೆಹಲಿಯ ಕೋರ್ಟುಗಳಿಗೆ ಅಧಿಕಾರ, ಆರ್ಬಿಟ್ರೇಷನ್ ಮಾತ್ರ ಹಾಂಗ್‌ಕಾಂಗಿನಲ್ಲಿ. ನಮ್ಮ ದೇಶದ ಕಂಪನಿ ಆರ್ಬಿಟ್ರೇಟರನ್ನು ನೇಮಿಸಿಕೊಡಿ ಅಂತ ಸುಪ್ರೀಂ ಕೋರ್ಟಿಗೆ ಬಂತು. ಸೀಟ್ ಹಾಂಗ್‌ಕಾಂಗ್, ಇಲ್ಲಿ ಆಗುವ ಕೆಲಸವಲ್ಲ ಅಂತ ಅರ್ಜಿ ವಜಾ ಆಯಿತು.

ಸೀಟ್ ವಿಷಯದಲ್ಲಿ ಜೂನಿಯರ್‌ಗಳು ಎಡವುವುದು ಜಾಸ್ತಿ, ಸೀನಿಯರ್‌ಗಳೂ ಎಡವುತ್ತಾರೆ. ಸಾಕ್ಷಿ ವಿಚಾರಣೆ ಬೆಂಗಳೂರಿನ ಹೋಟೆಲೊಂದರಲ್ಲಿ ನಡೆಯಬಹುದು, ವಿಡಿಯೊದಲ್ಲೂ ಮುಗಿಯಬಹುದು. ಸೀಟ್ ತೀರ್ಮಾನಿಸುವುದು ಅದನ್ನಲ್ಲ. ಬಂದ ಅವಾರ್ಡನ್ನು, ಅಂದರೆ ಆರ್ಬಿಟ್ರೇಟರು ಕೊಟ್ಟ ತೀರ್ಪನ್ನು, ರದ್ದು ಮಾಡುವ ಅಧಿಕಾರ ಯಾವ ದೇಶದ ಕೋರ್ಟಿಗೆ ಅನ್ನುವುದನ್ನು. ಒಂದು ಕಾಲದಲ್ಲಿ ನಮ್ಮ ಕೋರ್ಟುಗಳು ಹೊರದೇಶದಲ್ಲಿ ನಡೆದ ಆರ್ಬಿಟ್ರೇಷನ್ನಿನಲ್ಲೂ ಧಾರಾಳವಾಗಿ ಕೈ ಹಾಕುತ್ತಿದ್ದವು. 2012ರ ಸೆಪ್ಟೆಂಬರ್ 6ರಂದು ಬಾಲ್ಕೊ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಅಂದಿನ ನಂತರದ ಕರಾರುಗಳ ಮಟ್ಟಿಗೆ, ಅದಕ್ಕೆ ತಡೆ ಹಾಕಿತು. ಹಾಗಾಗಿ ಆ ತಾರೀಕಿನ ಹಿಂದಿನ ಕರಾರೋ ಮುಂದಿನದೋ ಅನ್ನುವುದನ್ನು ಮೊದಲು ನೋಡಿಕೋ.

ಇಷ್ಟೆಲ್ಲ ನೋಡುವ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಎದುರು ಪಾರ್ಟಿಯ ಆಸ್ತಿ ಎಲ್ಲಿದೆ? ಬ್ಯಾಂಕ್ ಖಾತೆ ಯಾವ ದೇಶದಲ್ಲಿ, ಗೋಡೌನು ಯಾರ ಹೆಸರಿನಲ್ಲಿ, ಸಹಿ ಹಾಕಿದ ಕಂಪನಿಯ ಕೈಯಲ್ಲಿ ಏನಾದರೂ ಇದೆಯೋ, ಬರೀ ಲೆಟರ್‌ಹೆಡ್ಡೋ? ಅವಾರ್ಡು ಕೈಗೆ ಬಂದ ದಿನ ಅದನ್ನು ಹಿಡಿದು ಯಾವ ಕೋರ್ಟಿನ ಬಾಗಿಲಿಗೆ ಹೋಗುತ್ತೀ, ಅಲ್ಲಿ ಏನನ್ನು ಜಪ್ತಿ ಮಾಡಿಸುತ್ತೀ, ಅಲ್ಲಿಂದ ಹಿಂದಕ್ಕೆ ಯೋಚಿಸುತ್ತ ಬಾ. ಆಗ ಸೀಟ್ ಎಲ್ಲಿರಬೇಕು, ಯಾವ ಸಂಸ್ಥೆಯ ನಿಯಮ ಬೇಕು, ಆರ್ಬಿಟ್ರೇಟರು ಒಬ್ಬರು ಸಾಕೋ ಮೂವರು ಬೇಕೋ ಎಲ್ಲ ತಾನಾಗಿ ತಿಳಿಯುತ್ತದೆ. ಗೆದ್ದವ ಸೋತ, ಸೋತವ ಸತ್ತ ಅಂತ ನಮ್ಮ ಜನ ಕೋರ್ಟು ಹತ್ತಿದವರನ್ನು ನೋಡಿಯೇ ಹೇಳಿದ್ದು. ಗಡಿ ದಾಟಿದ ವ್ಯಾಜ್ಯದಲ್ಲಿ ಗೆದ್ದವನು ಸೋಲುವುದಕ್ಕೆ ದಾರಿಗಳು ಇನ್ನೂ ಜಾಸ್ತಿ.

ನಮ್ಮ ಊರಿನದೇ ಒಂದು ಕಥೆ ಇದೆ, ಕೇಳು. ಇಸ್ರೊದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್ ಬೆಂಗಳೂರಿನದು. ದೇವಾಸ್ ಮಲ್ಟಿಮೀಡಿಯಾ ಕೂಡ ಬೆಂಗಳೂರಿನದೇ, ಆದರೆ ಅದರಲ್ಲಿ ಮಾರಿಷಸ್ ಮೂಲಕ ಬಂದ ಹೂಡಿಕೆ ಇತ್ತು, ಜರ್ಮನಿಯ ಡಾಯ್ಚ ಟೆಲಿಕಾಂನ ಹಣವೂ ಇತ್ತು. 2005ರ ಜನವರಿ 28ರಂದು ಎರಡರ ನಡುವೆ ಕರಾರಾಯಿತು. ಎರಡು ಉಪಗ್ರಹಗಳ ಎಸ್ ಬ್ಯಾಂಡ್ ಟ್ರಾನ್ಸ್‌ಪಾಂಡರುಗಳನ್ನು ದೇವಾಸ್‌ಗೆ ಗುತ್ತಿಗೆ ಕೊಡುವುದು ಅಂತ. 2011ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಆ ತರಂಗಗಳು ದೇಶದ ರಕ್ಷಣೆ ಮುಂತಾದ ಅಗತ್ಯಗಳಿಗೆ ಬೇಕು ಅಂದಿತು, ಆಂಟ್ರಿಕ್ಸ್ ಕರಾರನ್ನು ರದ್ದು ಮಾಡಿತು. ದೇವಾಸ್ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ ಐಸಿಸಿಯ ನಿಯಮಗಳ ಕೆಳಗೆ ಆರ್ಬಿಟ್ರೇಷನ್ನಿಗೆ ಹೋಯಿತು, ಸೀಟ್ ದೆಹಲಿ. 2015ರ ಸೆಪ್ಟೆಂಬರ್ 14ರಂದು ಮೂವರು ಆರ್ಬಿಟ್ರೇಟರುಗಳು ದೇವಾಸ್ ಪರ ಅವಾರ್ಡು ಕೊಟ್ಟರು. 56.25 ಕೋಟಿ ಡಾಲರು, ಅದರ ಮೇಲೆ ಶೇ. 18 ಬಡ್ಡಿ.

ಅಲ್ಲಿಗೆ ಮುಗಿಯಿತು ಅಂದುಕೊಂಡೆಯಾ? ಶುರುವಾದದ್ದೇ ಅಲ್ಲಿಂದ. ಅವಾರ್ಡನ್ನು ಪ್ರಶ್ನಿಸುವ ಅರ್ಜಿ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ನಡೆಯಬೇಕೋ ದೆಹಲಿ ಹೈಕೋರ್ಟಿನಲ್ಲೋ ಅನ್ನುವುದಕ್ಕೇ ಐದು ವರ್ಷ ಹೋಯಿತು. 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ದೆಹಲಿಗೆ ವರ್ಗಾಯಿಸಿತು. ಅಷ್ಟರಲ್ಲಿ ಅಮೆರಿಕದ ಸಿಯಾಟಲ್‌ನ ಫೆಡರಲ್ ಕೋರ್ಟು ಅದೇ ಅವಾರ್ಡನ್ನು ಒಪ್ಪಿ, ಬಡ್ಡಿ ಸೇರಿಸಿ ಸುಮಾರು 129 ಕೋಟಿ ಡಾಲರು ಕೊಡತಕ್ಕದ್ದು ಅಂದಿತ್ತು. 2021ರ ಮೇ 25ರಂದು ಇತ್ತ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ ಎನ್‌ಸಿಎಲ್‌ಟಿ, ದೇವಾಸ್ ಕಂಪನಿಯನ್ನೇ ಮುಚ್ಚಲು ಆದೇಶ ಮಾಡಿತು. ಆ ಕಂಪನಿ ಹುಟ್ಟಿದ್ದೇ ವಂಚನೆಗೆ ಅನ್ನುವ ತೀರ್ಮಾನವನ್ನು 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಅದೇ ವರ್ಷದ ಆಗಸ್ಟಿನಲ್ಲಿ ದೆಹಲಿ ಹೈಕೋರ್ಟು ಅವಾರ್ಡನ್ನು ರದ್ದು ಮಾಡಿತು. ಅಮೆರಿಕದ ಮೇಲ್ಮನವಿ ಕೋರ್ಟು 2023ರಲ್ಲಿ, ಆಂಟ್ರಿಕ್ಸ್‌ಗೂ ಅಮೆರಿಕಕ್ಕೂ ಸಾಕಷ್ಟು ನಂಟಿಲ್ಲ ಅಂತ ಸಿಯಾಟಲ್‌ನ ಆದೇಶವನ್ನು ತಳ್ಳಿಹಾಕಿತು. 2025ರ ಜೂನ್ 5ರಂದು ಅಲ್ಲಿನ ಸುಪ್ರೀಂ ಕೋರ್ಟು, ಅಂಥ ನಂಟನ್ನು ನಮ್ಮ ಕಾನೂನು ಕೇಳುವುದೇ ಇಲ್ಲ ಅಂತ ಒಕ್ಕೊರಲಿನಿಂದ ಹೇಳಿ ಕಡತವನ್ನು ಮತ್ತೆ ಕೆಳಗೆ ಕಳಿಸಿತು.

ಇದು ಕಂಪನಿಯ ಜಗಳ ಮಾತ್ರ. ಷೇರುದಾರರದ್ದು ಬೇರೆ. ಮಾರಿಷಸ್ಸಿನವರು ಭಾರತ–ಮಾರಿಷಸ್ ಹೂಡಿಕೆ ಒಪ್ಪಂದದ ಕೆಳಗೆ, ಡಾಯ್ಚ ಟೆಲಿಕಾಂನವರು ಭಾರತ–ಜರ್ಮನಿ ಒಪ್ಪಂದದ ಕೆಳಗೆ ಭಾರತ ಸರ್ಕಾರದ ಮೇಲೆಯೇ ಹೋದರು, ಗೆದ್ದರು. 2021ರ ಕೊನೆಗೆ ಕೆನಡಾದ ಕ್ವಿಬೆಕ್‌ನಲ್ಲಿ ಏರ್ ಇಂಡಿಯಾದ್ದೂ ನಮ್ಮ ವಿಮಾನ ನಿಲ್ದಾಣ ಪ್ರಾಧಿಕಾರದ್ದೂ ಹಣಕ್ಕೆ ತಡೆ ಬಿತ್ತು. ಉಪಗ್ರಹದ ಕರಾರಿಗೂ ವಿಮಾನ ಇಳಿಯುವ ಶುಲ್ಕಕ್ಕೂ ಏನು ಸಂಬಂಧ ಅನ್ನುತ್ತೀಯ. ಅವಾರ್ಡು ಹಿಡಿದವನು ಸಂಬಂಧ ನೋಡುವುದಿಲ್ಲಮ್ಮ, ಹಣ ಎಲ್ಲಿ ಕೂತಿದೆ ಅಂತ ನೋಡುತ್ತಾನೆ. ಆ ಹಣ ಸಿಕ್ಕ ಜಾಗ ಮಾಂಟ್ರಿಯಲ್, ವಿಮಾನಯಾನ ಸಂಸ್ಥೆಗಳ ಒಕ್ಕೂಟ ಐಎಟಿಎ ಕಚೇರಿ. ಆ ತಡೆಯೂ ಪೂರ್ತಿ ಉಳಿಯಲಿಲ್ಲ ಅನ್ನು.

ಯಾರು ಸರಿ ಯಾರು ತಪ್ಪು ಅನ್ನುವ ಚರ್ಚೆಗೆ ನಾನು ಇಳಿಯುವುದಿಲ್ಲ, ಅದಕ್ಕೆ ಟಿವಿಯವರಿದ್ದಾರೆ. ನೀನು ಓದಬೇಕಾದದ್ದು ಆ ಕಡತ ಸುತ್ತಿದ ಊರುಗಳನ್ನು. ಒಂದೇ ಊರಿನ ಎರಡು ಕಂಪನಿಗಳ ಕರಾರು ದೆಹಲಿ, ಹೇಗ್, ಜಿನೀವಾ, ಸಿಯಾಟಲ್, ಮಾಂಟ್ರಿಯಲ್, ವಾಷಿಂಗ್ಟನ್ ಸುತ್ತಿತು. ಸೀಟಿನ ಕೋರ್ಟು ರದ್ದು ಮಾಡಿದ ಅವಾರ್ಡನ್ನು ಇನ್ನೊಂದು ದೇಶ ನಿರಾಕರಿಸಬಹುದು ಅಂತ, ಹೊರದೇಶದ ಅವಾರ್ಡುಗಳನ್ನು ಜಾರಿ ಮಾಡುವ ಬಗೆಗಿನ ನ್ಯೂಯಾರ್ಕ್ ಒಡಂಬಡಿಕೆ ಹೇಳುತ್ತದೆ, ನಿರಾಕರಿಸಲೇಬೇಕು ಅಂತ ಹೇಳುವುದಿಲ್ಲ. ಆ ಒಂದು ಸಂದಿನಲ್ಲಿ ನೂರಾರು ವಕೀಲರ ಜೀವನ ನಡೆದಿದೆ.

ಹಾಗಾದರೆ ಆರ್ಬಿಟ್ರೇಷನ್ ಯಾಕೆ ಸರ್, ನೇರವಾಗಿ ಕೋರ್ಟಿಗೇ ಹೋಗಬಹುದಲ್ಲ ಅಂತ ಮೊನ್ನೆ ಕೇಳಿದೆ. ಅವಾರ್ಡಿಗೆ ಕಾಲಿದೆ, ಡಿಕ್ರಿಗೆ ಅಷ್ಟಿಲ್ಲ, ಅದಕ್ಕೆ. 1958ರ ನ್ಯೂಯಾರ್ಕ್ ಒಡಂಬಡಿಕೆಗೆ ಭಾರತ ಮೊದಲ ದಿನವೇ ಸಹಿ ಹಾಕಿ 1960ರಲ್ಲಿ ಅಂಗೀಕರಿಸಿತು. ಇವತ್ತು 170ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಆದರೆ ಒಂದು ಮಾತು ಗಮನದಲ್ಲಿಡು. ಹೊರಗಿನ ಅವಾರ್ಡು ಇಲ್ಲಿ ಜಾರಿಯಾಗಬೇಕಾದರೆ ಆ ದೇಶದ ಹೆಸರು ನಮ್ಮ ಗೆಜೆಟ್‌ನಲ್ಲೂ ಬಂದಿರಬೇಕು. ಹಾಗೆ ಬಂದ ಹೆಸರುಗಳು ಐವತ್ತರ ಆಸುಪಾಸು ಮಾತ್ರ. ಸೀಟ್ ಬರೆಯುವ ಮುನ್ನ ಆ ಪಟ್ಟಿ ತೆಗೆದು ನೋಡು, ನೆನಪಿನ ಮೇಲೆ ಹೋಗಬೇಡ.

ಡಿಕ್ರಿಯ ಕಥೆ ಬೇರೆ. ಇಂಗ್ಲೆಂಡ್, ಸಿಂಗಪುರದಂಥ ಕೆಲವು ದೇಶಗಳ ಮೇಲಿನ ಕೋರ್ಟುಗಳ ಡಿಕ್ರಿಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ, ಅಂದರೆ ಸಿಪಿಸಿಯ, 44ಎ ಕಲಮಿನ ಕೆಳಗೆ ನಮ್ಮ ಜಿಲ್ಲಾ ಕೋರ್ಟಿನಲ್ಲಿ ನೇರವಾಗಿ ಅಮಲ್ಜಾರಿಗೆ ಹಾಕಬಹುದು. ಅಮೆರಿಕ ಆ ಪಟ್ಟಿಯಲ್ಲಿಲ್ಲ, ಜರ್ಮನಿಯೂ ಇಲ್ಲ. ಅಲ್ಲಿ ಗೆದ್ದವರು ಇಲ್ಲಿ ಬಂದು ಆ ತೀರ್ಪಿನ ಆಧಾರದ ಮೇಲೆ ಮೂರು ವರ್ಷದೊಳಗೆ ಹೊಸ ದಾವೆ ಹೂಡಬೇಕು. ಯುಎಇ ಮಾತ್ರ 2020ರ ಜನವರಿಯಲ್ಲಿ ಪಟ್ಟಿಗೆ ಸೇರಿತು. ಇದು ದೊಡ್ಡ ಕಂಪನಿಗಳ ಮಾತಲ್ಲ, ನಿನ್ನ ಮಂಗಳೂರಿನ ನೆಂಟರಿಗೂ ತಾಗುವ ಮಾತು. ಕರಾವಳಿಯಿಂದ ದುಬೈಗೆ ಹೋಗಿ, ಕೆಲಸ ಹೋದ ಮೇಲೆ ಬ್ಯಾಂಕಿನ ಸಾಲ ಅಲ್ಲೇ ಬಿಟ್ಟು ಊರು ಸೇರಿದವರು, ವಿಮಾನ ಹತ್ತಿದರೆ ಸಾಲ ತೀರಿತು ಅಂದುಕೊಂಡಿದ್ದರು. ಈಗ ಅಲ್ಲಿನ ಡಿಕ್ರಿ ಇಲ್ಲಿನ ಮನೆಯ ಮೇಲೆ ಬಂದು ಕೂರಬಹುದು. ಅಂಥವರು ನಿನ್ನ ಹತ್ತಿರ ಬಂದರೆ ಮೊದಲು ಅದೇ ಸಿಪಿಸಿಯ ಕಲಂ 13 ತೆರೆದಿಡು. ಸಮನ್ಸ್ ಸರಿಯಾಗಿ ತಲುಪಿತ್ತೇ? ಕೋರ್ಟು ಸಾಕ್ಷ್ಯ ನೋಡಿ ತೀರ್ಮಾನಿಸಿತೇ, ಇಲ್ಲ ಪ್ರತಿವಾದಿ ಬರಲಿಲ್ಲ ಅಂತಷ್ಟೇ ಡಿಕ್ರಿ ಮಾಡಿತೇ? ಬಚಾವಾಗುವ ದಾರಿ ಇದ್ದರೆ ಅಲ್ಲೇ ಇರುತ್ತದೆ. ಹೊರದೇಶದಿಂದ ಬಂದ ಲಕೋಟೆಯನ್ನು ಒಡೆಯದೆ ಇಟ್ಟರೆ ಕೇಸು ಹೋಗುತ್ತದೆ ಅಂತ ನಂಬಿದವರನ್ನೂ ನೋಡಿದ್ದೇನೆ. ಲಕೋಟೆ ಸರಿಯಾದ ದಾರಿಯಲ್ಲಿ ಬಂದಿದೆಯೋ ಇಲ್ಲವೋ ಅನ್ನುವ ತಕರಾರನ್ನು ಒಡೆದು ಓದಿದ ಮೇಲೂ ಎತ್ತಬಹುದು.

ನಮ್ಮ ಕೋರ್ಟುಗಳ ಬಗ್ಗೆಯೂ ಕಕ್ಷಿದಾರರಿಗೆ ಸುಳ್ಳು ಹೇಳಬೇಡ. 1980ರಲ್ಲಿ ನಮ್ಮ ರಾಷ್ಟ್ರೀಯ ಕೃಷಿ ಮಾರಾಟ ಸಹಕಾರ ಒಕ್ಕೂಟ ನಾಫೆಡ್, ಅಲಿಮೆಂಟಾ ಅನ್ನುವ ಹೊರದೇಶದ ಕಂಪನಿಗೆ 5000 ಟನ್ ಕಡಲೆಕಾಯಿ ಬೀಜ ಮಾರಲು ಒಪ್ಪಿತು. 1900 ಟನ್ ಕಳಿಸಿತು. ಉಳಿದದ್ದನ್ನು ಮುಂದಿನ ಹಂಗಾಮಿನಲ್ಲಿ ಕಳಿಸಲು ಸರ್ಕಾರ ಅನುಮತಿ ಕೊಡಲಿಲ್ಲ. ಲಂಡನ್ನಿನಲ್ಲಿ ಎಣ್ಣೆಬೀಜ ವ್ಯಾಪಾರಿಗಳ ಸಂಘದ ಆರ್ಬಿಟ್ರೇಷನ್ ನಡೆದು 1989ರಲ್ಲಿ ನಾಫೆಡ್ ವಿರುದ್ಧ ಅವಾರ್ಡು ಬಂತು. ಅದನ್ನು ಇಲ್ಲಿ ಜಾರಿ ಮಾಡಲಾಗದು ಅಂತ ಸುಪ್ರೀಂ ಕೋರ್ಟು ಕೊನೆಯ ಮಾತು ಹೇಳಿದ್ದು 2020ರ ಏಪ್ರಿಲ್‌ನಲ್ಲಿ. ಸರ್ಕಾರದ ಅನುಮತಿಯಿಲ್ಲದೆ ರಫ್ತು ಮಾಡು ಅಂದಂತಾಗುತ್ತದೆ, ಅದು ದೇಶದ ಸಾರ್ವಜನಿಕ ನೀತಿಗೆ ವಿರುದ್ಧ ಅನ್ನುವುದು ಕಾರಣ. ಆ ತೀರ್ಪನ್ನು ನಾನು ಒಪ್ಪುವುದಿಲ್ಲ. ಹಣ ಕೊಡು ಅನ್ನುವುದಕ್ಕೂ ಕಡಲೆಕಾಯಿ ಕಳಿಸು ಅನ್ನುವುದಕ್ಕೂ ವ್ಯತ್ಯಾಸವಿದೆ. ಸರಿಯೋ ತಪ್ಪೋ, ಬೇಡ ಅನ್ನುವುದಕ್ಕಾದರೂ ಮೂವತ್ತು ವರ್ಷ ಬೇಕೇ? ಕೋಲ್ ಇಂಡಿಯಾ ವಿರುದ್ಧ ಗೆದ್ದ ಆಸ್ಟ್ರೇಲಿಯಾದ ವೈಟ್ ಇಂಡಸ್ಟ್ರೀಸ್‌ನವರು ಇಂಥದೇ ವಿಳಂಬದಿಂದ ಬೇಸತ್ತು ಭಾರತ ಸರ್ಕಾರದ ಮೇಲೆಯೇ ಹೂಡಿಕೆ ಒಪ್ಪಂದದ ಕೆಳಗೆ ಹೋಗಿ 2011ರಲ್ಲಿ ಗೆದ್ದರು. ನಮ್ಮ ಕೋರ್ಟುಗಳ ತಾರೀಕಿಗೆ ಸರ್ಕಾರ ಪರಿಹಾರ ಕಟ್ಟಬೇಕಾಯಿತು.

ದೊಡ್ಡ ಹೆಸರುಗಳನ್ನು ಬಿಡು. ಈ ವಿದ್ಯೆಯ ಚೆಂದ ನೋಡಬೇಕಾದರೆ ಕಾಫಿ ವ್ಯಾಪಾರಕ್ಕೆ ಬಾ. ದೇಶದ ಕಾಫಿಯಲ್ಲಿ ಸುಮಾರು ಶೇ. 70 ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನದ್ದು. ಯುರೋಪಿಗೆ ಹೋಗುವ ಮಾಲಿಗೆ ಸಾಮಾನ್ಯವಾಗಿ ಅಲ್ಲಿನ ಕಾಫಿ ವ್ಯಾಪಾರಿಗಳ ಒಕ್ಕೂಟದ ಸಿದ್ಧ ಕರಾರು ಇರುತ್ತದೆ. ಲಂಡನ್ನೋ ಹ್ಯಾಂಬರ್ಗೋ ಅಂತ ಆರ್ಬಿಟ್ರೇಷನ್ನಿನ ಜಾಗವನ್ನು ಮಾತ್ರ ತುಂಬುತ್ತಾರೆ. ಒಪ್ಪಿದ ದರ್ಜೆಯ ಕಾಫಿ ಬಂದಿಲ್ಲ ಅಂತ ಖರೀದಿದಾರ ತಕರಾರು ತೆಗೆದ ಅನ್ನು. ಅಲ್ಲಿ ಆರ್ಬಿಟ್ರೇಟರುಗಳು ವಕೀಲರಲ್ಲ, ಅದೇ ಕಸುಬಿನವರು. ಸೀಲ್ ಮಾಡಿದ ಸ್ಯಾಂಪಲ್ ತೆರೆದು, ಬೀಜವನ್ನು ತಟ್ಟೆಯಲ್ಲಿ ಹರಡಿ ನೋಡಿ, ಹುರಿದು, ಪುಡಿ ಮಾಡಿ, ಬಿಸಿನೀರು ಹೊಯ್ದು, ಚಮಚದಲ್ಲಿ ಸುರ್ರೆಂದು ಹೀರಿ ಉಗುಳುತ್ತಾರೆ. ಟನ್ನಿಗೆ ಇಷ್ಟು ಡಾಲರು ಕಡಿತ ಅಂತ ಬರೆಯುತ್ತಾರೆ, ಮುಗಿಯಿತು. ನಿನ್ನ ಇಂಗ್ಲಿಷು, ನಿನ್ನ ಸೈಟೇಷನ್ನು ಅಲ್ಲಿ ಯಾರಿಗೂ ಬೇಕಿಲ್ಲ. ಕ್ಯೂರಿಂಗ್ ವರ್ಕ್ಸಿನಲ್ಲಿ ತೆಗೆದಿಟ್ಟ ಸ್ಯಾಂಪಲ್ಲಿನ ಸೀಲು ಗಟ್ಟಿಯಾಗಿದೆಯೇ, ತಕರಾರಿನ ಕಾಗದ ಗಡುವಿನೊಳಗೆ ಹೋಗಿದೆಯೇ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಆ ಗಡುವುಗಳನ್ನು ದಿನಗಳಲ್ಲಿ ಎಣಿಸುತ್ತಾರೆ. ಪ್ಲಾಂಟರುಗಳು ಕಾಗದ ತರುವುದು ಕೊಯ್ಲೆಲ್ಲ ಮುಗಿದ ಮೇಲೆ.

ದೊಡ್ಡ ಆರ್ಬಿಟ್ರೇಷನ್ನಿಗೆ ಹೋದಾಗ ಕಲಿಯಬೇಕಾದ ಶಿಸ್ತು ಬೇರೆ. ಸಿವಿಲ್ ಕೋರ್ಟಿನಲ್ಲಿ ವಾಯಿದೆ ತೆಗೆದುಕೊಂಡು ಬೆಳೆದವರಿಗೆ ಅಲ್ಲಿ ಉಸಿರು ಕಟ್ಟುತ್ತದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ವಾರವಿಡೀ ವಿಚಾರಣೆ, ಎರಡೂ ಕಡೆಗೆ ಇಷ್ಟು ಗಂಟೆ ಅಂತ ಚೆಸ್ ಆಟದ ಗಡಿಯಾರದ ಹಾಗೆ ಲೆಕ್ಕ. ನೀನು ಪುಟ ಹುಡುಕುವ ಹೊತ್ತೂ ನಿನ್ನ ಖಾತೆಗೇ. ಆಡಿದ ಮಾತು ಆ ಕ್ಷಣವೇ ಪರದೆಯ ಮೇಲೆ ಅಕ್ಷರವಾಗಿ ಮೂಡುತ್ತದೆ. ಅಲ್ಲಿಗೆ ನಿನ್ನ ಸಾಕ್ಷಿಯಾಗಿ ಬರುವವನು ಮೂವತ್ತು ವರ್ಷ ಶಾಪ್ ಫ್ಲೋರಿನಲ್ಲಿ ದುಡಿದ ಸೂಪರ್‌ವೈಸರು. ಮಷೀನಿನ ಸದ್ದು ಕೇಳಿಯೇ ದೋಷ ಹೇಳಬಲ್ಲವನು. ಲಂಡನ್ನಿನ ವಕೀಲ ಇಂಗ್ಲಿಷಿನಲ್ಲಿ ಸುತ್ತಿ ಬಳಸಿ ಕೇಳಿದರೆ, ಮರ್ಯಾದೆಗೆ ಎಲ್ಲಕ್ಕೂ ಯೆಸ್ ಸರ್ ಅಂದುಬಿಡುತ್ತಾನೆ. ಕನ್ನಡದಲ್ಲೇ ಸಾಕ್ಷಿ ಹೇಳಲಿ, ದುಭಾಷಿ ಬೇಕು ಅಂತ ಮೊದಲ ಪ್ರೊಸೀಜರಲ್ ಆದೇಶ ಆಗುವಾಗಲೇ ಕೇಳು. ಅದರಲ್ಲಿ ಅವಮಾನ ಏನೂ ಇಲ್ಲ, ಜಪಾನಿನವರು, ಕೊರಿಯಾದವರು ಸಂಕೋಚವಿಲ್ಲದೆ ಕೇಳುತ್ತಾರೆ.

ತುರ್ತು ಆದೇಶದ ಆಸೆಯಲ್ಲೂ ಮೈಮರೆಯಬೇಡ. ಫ್ಯೂಚರ್ ರಿಟೇಲ್ ತನ್ನ ಅಂಗಡಿಗಳನ್ನು ರಿಲಯನ್ಸ್‌ಗೆ ಮಾರಬಾರದು ಅಂತ ಅಮೆಜಾನ್ 2020ರ ಅಕ್ಟೋಬರಿನಲ್ಲಿ ಸಿಂಗಪುರದ ಆರ್ಬಿಟ್ರೇಷನ್ ಕೇಂದ್ರ ಎಸ್‌ಐಎಸಿಯ ನಿಯಮದ ಕೆಳಗೆ ಎಮರ್ಜೆನ್ಸಿ ಆರ್ಬಿಟ್ರೇಟರಿಂದ ತಡೆ ತಂದಿತು. 2021ರ ಆಗಸ್ಟಿನಲ್ಲಿ ನಮ್ಮ ಸುಪ್ರೀಂ ಕೋರ್ಟು ಆ ತಡೆಗೆ ಮಾನ್ಯತೆ ಕೊಟ್ಟಿತು. ಆಮೇಲೆ 2022ರ ಫೆಬ್ರುವರಿಯಲ್ಲಿ ಫ್ಯೂಚರ್ ಬಾಡಿಗೆ ಬಾಕಿ ಉಳಿಸಿಕೊಂಡಿತ್ತು ಅನ್ನುವ ಕಾರಣಕ್ಕೆ ಎಷ್ಟೋ ಅಂಗಡಿಗಳು ರಿಲಯನ್ಸ್ ಕೈ ಸೇರಿದವು. ಆ ವರ್ಷವೇ ಫ್ಯೂಚರ್ ದಿವಾಳಿ ಪ್ರಕ್ರಿಯೆಗೆ ಹೋಯಿತು. ಆದೇಶ ಅಮೆಜಾನಿನ ಕಡತದಲ್ಲಿ ಉಳಿಯಿತು.

ಇನ್ನು ಖರ್ಚು. ಆರ್ಬಿಟ್ರೇಟರುಗಳ ಫೀಸು, ಸಂಸ್ಥೆಯ ಫೀಸು ಮುಂಗಡವಾಗಿ ಕಟ್ಟಬೇಕು. ಎದುರಿನವನು ತನ್ನ ಪಾಲು ಕಟ್ಟದೆ ಕೂತರೆ, ಕೇಸು ನಡೆಯಬೇಕಾದರೆ ಅದನ್ನೂ ನಿನ್ನ ಕಕ್ಷಿದಾರನೇ ಕಟ್ಟಬೇಕು. ಮೂವತ್ತು ನಲವತ್ತು ಲಕ್ಷದ ಬಾಕಿಗೆ ಲಂಡನ್ನಿನಲ್ಲಿ ಮೂವರು ಆರ್ಬಿಟ್ರೇಟರು ಅಂತ ಬರೆದುಕೊಟ್ಟ ಕರಾರುಗಳು ನಮ್ಮ ಕಪಾಟಿನಲ್ಲೇ ಇವೆ, ಬಿಡುವಾದಾಗ ತೆಗೆದು ನೋಡು. ಅಂಥ ವ್ಯಾಪಾರಕ್ಕೆ ಬೆಂಗಳೂರೇ ಸೀಟ್, ಒಬ್ಬರೇ ಆರ್ಬಿಟ್ರೇಟರು, ಅದಕ್ಕೂ ಮೊದಲು ಒಂದು ಮೀಡಿಯೇಷನ್ ಸಾಕು. ಎದುರಿನವರು ಬೆಂಗಳೂರಿಗೆ ಒಪ್ಪದಿದ್ದರೆ ಸಿಂಗಪುರಕ್ಕೆ ಒಪ್ಪಿಕೋ, ಆದರೆ ಅದಕ್ಕೆ ಬದಲಾಗಿ ಅಡ್ವಾನ್ಸನ್ನೋ ಬ್ಯಾಂಕ್ ಗ್ಯಾರಂಟಿಯನ್ನೋ ಕೇಳು. ಕೈಯಲ್ಲಿ ಗ್ಯಾರಂಟಿ ಇದ್ದವನು ಆಸ್ತಿ ಹುಡುಕಿಕೊಂಡು ದೇಶದೇಶ ಅಲೆಯಬೇಕಿಲ್ಲ.

ರಾಜಿಗೆ ಬಾ ಅಂದರೆ ಮುಖ ಸಿಂಡರಿಸಬೇಡ. ಬ್ರಿಟನ್ನಿನ ತೈಲ ಕಂಪನಿ ಕೇರ್ನ್ ಎನರ್ಜಿ, ಪೂರ್ವಾನ್ವಯ ತೆರಿಗೆಯ ಜಗಳದಲ್ಲಿ, 2020ರ ಡಿಸೆಂಬರಿನಲ್ಲಿ ಭಾರತದ ವಿರುದ್ಧ 120 ಕೋಟಿ ಡಾಲರಿನ ಅವಾರ್ಡು ಗೆದ್ದಿತು. ಮರುವರ್ಷ ಪ್ಯಾರಿಸ್ಸಿನಲ್ಲಿ ನಮ್ಮ ಸರ್ಕಾರದ ಸುಮಾರು ಇಪ್ಪತ್ತು ಆಸ್ತಿಗಳಿಗೆ ತಡೆ ತಂದಿತು, ನ್ಯೂಯಾರ್ಕಿನಲ್ಲಿ ಏರ್ ಇಂಡಿಯಾ ಮೇಲೆ ಕೇಸು ಹಾಕಿತು. ಅಷ್ಟು ಬಿಗಿ ಹಿಡಿತ ಇದ್ದವರು, 2021ರ ಆಗಸ್ಟಿನಲ್ಲಿ ಸರ್ಕಾರ ಪೂರ್ವಾನ್ವಯ ತೆರಿಗೆಯ ಕಾನೂನನ್ನು ತಿದ್ದಿದಾಗ, ಬಡ್ಡಿಯನ್ನೂ ಖರ್ಚನ್ನೂ ಬಿಟ್ಟುಕೊಟ್ಟು, ಎಲ್ಲ ಕೇಸು ವಾಪಸ್ ಪಡೆದು, ಮುಂದಿನ ವರ್ಷ ಸುಮಾರು 7,900 ಕೋಟಿ ರೂಪಾಯಿ ಎಣಿಸಿಕೊಂಡು ಹೋದರು. ಅವರ ವಕೀಲರು ಇನ್ನೂ ಹತ್ತು ವರ್ಷ ನಡೆಸಬಹುದಿತ್ತು. ಲೆಕ್ಕ ಬಲ್ಲವರು ಯಾರೋ ಅಲ್ಲಿ ಇದ್ದರು.

ಹೊಸ ಕಕ್ಷಿದಾರ ಬಂದು ಕೂತಾಗ ಕೇಸು ಗಟ್ಟಿಯಿದೆ ಅಂತ ಮೊದಲೇ ಹೇಳಬೇಡ. ಕಾಗದ ತೆಗೆದುಕೊಂಡು ಮೂರು ಅಂಕಿ ಬರೆದು ತೋರಿಸು. ಗೆದ್ದರೆ ಎಷ್ಟು, ಅಷ್ಟು ದೂರ ಹೋಗಲು ಖರ್ಚೆಷ್ಟು, ಇವತ್ತೇ ಎದುರಿನವನು ಕೊಡಲು ಒಪ್ಪುವುದೆಷ್ಟು. ಬರೆದುಕೊಟ್ಟ ಮೇಲೆ ಸುಮ್ಮನಿದ್ದು ಅವನು ಓದಲು ಬಿಡು. ಸಿಟ್ಟಾಗಿ ಬೇರೆ ವಕೀಲರ ಹತ್ತಿರ ಹೋದರೆ ಹೋಗಲಿ, ಫೈಲು ಮಾತ್ರ ಎಲ್ಲ ಕಾಗದ ಸಮೇತ ಹಿಂತಿರುಗಿಸಿ ರಸೀತಿ ತೆಗೆದುಕೋ.